ಸುಣ್ಣಕಲ್ಲಿನ ಮೇಲೆ ಉಗುರಿನ ಗೀರು

ಮಳೆ ಈಗಷ್ಟೇ ನಿಂತಿದೆ. ಆಸ್ಟ್ರೇಲಿಯಾದ ನೈಋತ್ಯ ಮೂಲೆಯ ಮಾರ್ಗರೆಟ್ ನದಿ ಸೀಮೆ. ಒಂದು ಸುಣ್ಣಕಲ್ಲಿನ ಗವಿಯೊಳಗೆ, ಬಂಡೆಯ ಸಂದಿಯಲ್ಲಿ ಮೈ ಹಿಡಿಮಾಡಿ ಕೂತಿದ್ದೀರಿ. ಈ ಖಂಡಕ್ಕೆ ಮನುಷ್ಯ ಇನ್ನೂ ಕಾಲಿಟ್ಟಿಲ್ಲ. ಹೊರಗಿನಿಂದ ಬೀಸುವ ಗಾಳಿಯಲ್ಲಿ ಮಾತ್ರ ನಿಮಗೆ ಗೊತ್ತಿರುವ ವಾಸನೆಯೊಂದಿದೆ. ನಮ್ಮ ಕೋಲಾರದ ತೋಪುಗಳಿಗೆ ಬಂದ ನೀಲಗಿರಿ ಮರಗಳ ತವರು ಇದೇ ಖಂಡ.

ಮೊದಲು ಉಗುರಿನ ಸದ್ದು. ಕಲ್ಲಿನ ಮೇಲೆ ಕರ್ರೆಂದು ಎಳೆಯುತ್ತದೆ, ತಡೆಯುತ್ತದೆ, ಮತ್ತೆ ಎಳೆಯುತ್ತದೆ. ಕೆಳಗಿಳಿಯಲು ಸಲೀಸಾದ ಇಳಿಜಾರು ಪಕ್ಕದಲ್ಲೇ ಇದ್ದರೂ ಬರುತ್ತಿರುವ ಪ್ರಾಣಿ ಕಡಿದಾದ ಬಂಡೆಯನ್ನೇ ಹಿಡಿದಿದೆ. ಮೈಬಣ್ಣ ಕತ್ತಲಲ್ಲಿ ತಿಳಿಯದು. ಆಕಾರ ತಿಳಿಯುತ್ತದೆ: ಚಿರತೆಗಿಂತ ದಪ್ಪ ಎದೆ, ದಪ್ಪ ಮುಂಗಾಲು, ಗಿಡ್ಡ ಮೂತಿ, ನೂರು ಕಿಲೋ ಮೀರಿದ ತೂಕ. ಮುಂಗಾಲಿನ ಹೆಬ್ಬೆರಳು ಮಿಕ್ಕ ಬೆರಳುಗಳಿಂದ ದೂರ ಚಾಚಿದೆ. ಅದರ ತುದಿಯಲ್ಲಿ ಕೊಕ್ಕೆಯಂಥ ದೊಡ್ಡ ಉಗುರು. ಥೈಲಾಕೊಲಿಯೊ ಎಂದರೆ ಇದೇ, ಹೊಟ್ಟೆಚೀಲದ ಸಿಂಹ. ಬೆಕ್ಕಿನ ಕುಲದ ಸಿಂಹಕ್ಕೂ ಇದಕ್ಕೂ ನೆಂಟಸ್ತಿಕೆಯಿಲ್ಲ. ಬಂಧುಗಳು ಕೋಲಾ, ವೊಂಬ್ಯಾಟ್. ಎಲೆ, ಹುಲ್ಲು ತಿನ್ನುವ ಸಾಧು ಜೀವಿಗಳು.

ಅದು ಬಾಯಿ ತೆರೆಯಲಿ, ನೋಡಿ. ಚುಚ್ಚುವ ಕೆಲಸಕ್ಕೆ ಕೋರೆಹಲ್ಲಲ್ಲ, ಮುಂದಕ್ಕೆ ಚಾಚಿದ ಬಾಚಿಹಲ್ಲುಗಳು. ದವಡೆಯ ಎರಡೂ ಬದಿಗೆ ಉದ್ದನೆಯ ಅಲಗಿನಂಥ ಹಲ್ಲು. ಮೇಲಿನದು ಕೆಳಗಿನದನ್ನು ಸವರಿಕೊಂಡು ಮುಚ್ಚಿದರೆ ಅಡಕೊತ್ತಿನಂತೆ ಮಾಂಸ ತುಂಡಾಗುತ್ತದೆ. ಇದರ ಕಚ್ಚುವ ಬಲ 250 ಕಿಲೋ ತೂಗುವ ಆಫ್ರಿಕಾದ ಸಿಂಹಕ್ಕೆ ಸಮವೆಂದು 2005ರ ಅಧ್ಯಯನವೊಂದು ಲೆಕ್ಕ ಹಾಕಿತು. ಹುಲ್ಲು ತಿನ್ನುವ ವಂಶದಲ್ಲಿ ಇಂಥ ಬಾಯಿ ಹುಟ್ಟಿದ್ದನ್ನು ಹತ್ತೊಂಬತ್ತನೇ ಶತಮಾನದ ಕೆಲವು ಪಂಡಿತರು ನಂಬಲೇ ಇಲ್ಲ. 1859ರಲ್ಲಿ ಇದಕ್ಕೆ ಹೆಸರಿಟ್ಟ ರಿಚರ್ಡ್ ಓವನ್ ಮಾತ್ರ ಹಲ್ಲು ನೋಡಿಯೇ ಇದು ಕೊಲೆಗಾರ ಎಂದಿದ್ದ. ಅವನು ಹೇಳಿದ್ದು ಸರಿ. ಆದರೆ ಹಲ್ಲು ಹೇಳಿದ್ದು ಅರ್ಧ ಕಥೆ. ಉಳಿದರ್ಧ ಈಗ ನಿಮ್ಮ ಕಣ್ಣೆದುರೇ ಬಂಡೆ ಇಳಿಯುತ್ತಿದೆ.

ತಾಯಿಯ ಹಿಂದೆ ಇನ್ನೊಂದು ಸದ್ದು, ಹಗುರ, ಅವಸರದ್ದು. ಚೀಲ ಬಿಟ್ಟು ಹೊರಬಂದ ಮರಿ. ಒಂದು ಹೆಜ್ಜೆ ಇಳಿದು ಜಾರುತ್ತದೆ, ಉಗುರು ನೆಟ್ಟು ನಿಲ್ಲುತ್ತದೆ. ಮೆತ್ತಗಿನ ಕಲ್ಲಿನ ಮೇಲೆ ಸಣ್ಣ ಗೀರುಗಳು ಬೀಳುತ್ತವೆ. ತಾಯಿ ಕೆಳಗೆ ಕಾಯುತ್ತದೆ. ಮರಿ ಹತ್ತಿ ಮತ್ತೆ ಇಳಿಯುತ್ತದೆ, ಇನ್ನಷ್ಟು ಗೀರು.

ಆ ಗೀರುಗಳು ಇಂದಿಗೂ ಅಲ್ಲಿವೆ. ಗವಿಯ ಹೆಸರು ಟೈಟ್ ಎಂಟ್ರನ್ಸ್ ಕೇವ್. ಸ್ಯಾಮ್ಯುಯೆಲ್ ಆರ್ಮನ್ ಮತ್ತು ಗ್ಯಾವಿನ್ ಪ್ರಿಡೋ ಎಂಬ ಸಂಶೋಧಕರು ಅವನ್ನು ಅಳೆದು, 2016ರಲ್ಲಿ ಪ್ರಕಟಿಸಿದರು: ಬಹುಪಾಲು ಗೀರು ಮರಿಗಳದ್ದು; ಈ ಪ್ರಾಣಿ ಬಂಡೆ ಹತ್ತುವುದರಲ್ಲಿ ನುರಿತದ್ದು, ಗವಿಯಲ್ಲಿ ಮರಿ ಸಾಕಿದ್ದು. ಅದೇ ವರ್ಷ ಇದೇ ಕುಟುಂಬದ ಅತಿ ಪುಟ್ಟ ಸದಸ್ಯ ಮೈಕ್ರೋಲಿಯೊಗೂ ಹೆಸರು ಸಿಕ್ಕಿತು. ಕ್ವೀನ್ಸ್‌ಲೆಂಡಿನ ರಿವರ್ಸ್ಲೇ ಕಾಡುಗಳಲ್ಲಿ ಸುಮಾರು 1.8 ಕೋಟಿ ವರ್ಷ ಹಿಂದೆ ಬದುಕಿದ್ದ ಅದರ ತೂಕ ಒಂದು ಕಿಲೋ ಸಹ ಇರಲಿಲ್ಲ. ಅಷ್ಟು ಹಳೆಯ ಮನೆತನದ ಕೊನೆಯ ಕುಡಿ ಥೈಲಾಕೊಲಿಯೊ ಸುಮಾರು 40,000 ವರ್ಷಗಳ ಹಿಂದೆಯೇ ಅಳಿಯಿತು. ಅದು ಬೇಟೆಯಾಡುತ್ತಿದ್ದ ಭಾರೀ ಗಾತ್ರದ ಸಸ್ಯಾಹಾರಿಗಳು ಅಳಿದದ್ದೂ ಹೆಚ್ಚುಕಡಿಮೆ ಆಗಲೇ. ಮನುಷ್ಯ ಆ ಹೊತ್ತಿಗೆ ಖಂಡಕ್ಕೆ ಬಂದಾಗಿತ್ತು.