ಅವ್ವನ ಸೀರೆಯ ಕರಡಿ

ಕೌದಿ ಹೊಲಿದು ಉಳಿದಿದ್ದ ಅವ್ವನ ಇಳಕಲ್ ಸೀರೆಯ ತುಂಡಿನಿಂದ ಒಂದು ಕರಡಿಮರಿ ಹೊಲಿದೆ. ಒಳಗೆ ಹತ್ತಿ ತುಂಬಿದೆ. ಗುಂಡಿ ಹಚ್ಚಿದರೆ ಮಕ್ಕಳು ಕಿತ್ತು ನುಂಗಿಯಾರೆಂದು ಕಣ್ಣನ್ನು ದಾರದಲ್ಲೇ ಮೂಡಿಸಿದೆ. ಸನ್ನತಿಗೆ ಚಂದ್ರಲಾಂಬೆಯ ದರ್ಶನಕ್ಕೆ ಬಂದ ತಾಯಿಯೊಬ್ಬಳು ನಮ್ಮ ಕಟ್ಟೆಯ ಮೇಲಿದ್ದ ಅದನ್ನು ಕಂಡು, "ಅಕ್ಕಾರ, ಇದಕ್ಕೆಷ್ಟರೀ?" ಎಂದಳು.

"ಹಂಗೇ ಒಯ್ಯವ್ವ" ಎನ್ನಲು ಬಾಯಿ ತೆರೆದೆ. ಆಗ ತರಗತಿಯಲ್ಲಿ ನಾನೇ ಹೇಳುವ ಮಾರ್ಗರೆಟ್ ಸ್ಟೈಫ್ ನೆನಪಾದಳು. ಪೋಲಿಯೋದಿಂದ ಕಾಲು ಸೋತ ಆ ಜರ್ಮನ್ ಹೆಣ್ಣುಮಗಳು ಹೊಲಿಗೆಯನ್ನೇ ನೆಚ್ಚಿ, 1880ರಲ್ಲಿ ಬಟ್ಟೆಯ ಆನೆ ಮಾಡಿದಳು. 1902ರಲ್ಲಿ ಅವಳ ಕಾರ್ಖಾನೆಯಲ್ಲೇ ಕೈಕಾಲಾಡುವ ಕರಡಿ ಹುಟ್ಟಿತು. ನಮ್ಮವ್ವ ಓಣಿಗೆಲ್ಲ ಕೌದಿ ಹೊಲಿದಳು, ಕೂಲಿ ಕೇಳಲಿಲ್ಲ. ಕಡೆಗೆ ಕನ್ನಡಕಕ್ಕೂ ನಮ್ಮ ಮುಂದೆ ಕೈಚಾಚಿದಳು.

"ಇನ್ನೂರು" ಎಂದೆ. ಧ್ವನಿ ನಡುಗಿತು. ಆಕೆ ಚೌಕಾಸಿ ಮಾಡಲಿಲ್ಲ. ಕೈಕೆಲಸಕ್ಕೆ ಬೆಲೆ ಹೇಳುವುದು ಆಸೆಬುರುಕತನವಲ್ಲವೆಂದು ನನಗೆ ತಿಳಿದದ್ದು ಐವತ್ತು ದಾಟಿದ ಮೇಲೆ.