ಹುಳುಮನೆಯ ಅತ್ತೆ

ನವೆಂಬರ್ ತಿಂಗಳು ಬಂದೊಡನೆ ಧರ್ಮಕೇಂದ್ರದ ಕಚೇರಿಗೆ ಮೃತರ ಹೆಸರುಗಳ ಪಟ್ಟಿ ಬರತೊಡಗುತ್ತದೆ. ಸಕಲ ಮೃತ ವಿಶ್ವಾಸಿಗಳ ಸ್ಮರಣೆಯ ದಿನ ಆ ಹೆಸರುಗಳನ್ನು ಪೀಠದ ಬಳಿ ಇರಿಸಿ ಬಲಿಪೂಜೆ ಅರ್ಪಿಸುವುದು ವಾಡಿಕೆ. ಗಂಡಸರ ಹೆಸರಿನ ಪಕ್ಕದಲ್ಲಿ ಕೆಲವರು ಉಪದೇಶಿ ಎಂದೋ ಶಿಕ್ಷಕರು ಎಂದೋ ಬರೆದಿರುತ್ತಾರೆ. ಹೆಂಗಸರ ಹೆಸರಿನ ಪಕ್ಕದಲ್ಲಿ ಸಾಮಾನ್ಯವಾಗಿ ಏನೂ ಇರುವುದಿಲ್ಲ. ಇದ್ದರೆ ಇಂಥವರ ಪತ್ನಿ, ಇಂಥವರ ತಾಯಿ. ನನ್ನ ಸೋದರತ್ತೆ ಯಾರ ತಾಯಿಯೂ ಆಗಿರಲಿಲ್ಲ. ಪತ್ನಿಯಾಗಿದ್ದುದು ಆರೇ ವರ್ಷ. ಅವರ ಹೆಸರಿನ ಪಕ್ಕದಲ್ಲಿ ಏನನ್ನಾದರೂ ಬರೆಯಲೇಬೇಕಾದರೆ 'ರೇಷ್ಮೆಹುಳು ಸಾಕಿದವರು' ಎಂದು ಬರೆಯಬೇಕು.

ನಮ್ಮೂರು ಕನಕಪುರ ತಾಲ್ಲೂಕಿನದು. ಇಪ್ಪತ್ತಮೂರನೆಯ ವಯಸ್ಸಿಗೆ ವಿಧವೆಯಾಗಿ ಅತ್ತೆ ತವರಿಗೆ ಮರಳಿದಾಗ ಮನೆಯಲ್ಲಿದ್ದುದು ಒಂದು ಎಕರೆ ಹಿಪ್ಪುನೇರಳೆ ತೋಟ, ನನ್ನ ತಂದೆ ಮತ್ತು ಕಣ್ಣು ಮಂಜಾಗಿದ್ದ ಅಜ್ಜಿ. ಮರುಮದುವೆಯ ಮಾತು ಬಂದಾಗಲೆಲ್ಲ ಅವರು ತೋಟಕ್ಕೆ ಎದ್ದು ಹೋಗುತ್ತಿದ್ದರಂತೆ. ಒಂದೆರಡು ವರ್ಷಗಳಲ್ಲಿ ಹುಳುಮನೆ ಪೂರ್ತಿ ಅವರದಾಯಿತು. ನಾನು ಕಣ್ಣು ಬಿಟ್ಟಾಗ ಕಂಡದ್ದು ಆ ಅತ್ತೆಯನ್ನೇ: ಕೆಂಪಂಚಿನ ಹತ್ತಿಸೀರೆ, ಮಡಿಲಲ್ಲಿ ಜಪಸರ, ತಲೆಯ ಮೇಲೆ ಸೊಪ್ಪಿನ ಮಂಕರಿ.

ರೇಷ್ಮೆಯ ಕೆಲಸ ಬಲ್ಲವರಿಗೆ ಇದನ್ನು ಹೇಳಬೇಕಾಗಿಲ್ಲ, ಬಲ್ಲದವರಿಗಾಗಿ ಹೇಳುತ್ತೇನೆ. ಒಂದು ಚಿಟ್ಟೆ ಇಟ್ಟ ನಾಲ್ಕೈದು ನೂರು ಮೊಟ್ಟೆಗಳ ಗುಂಪಿಗೆ ನಮ್ಮ ಕಡೆ 'ಒಂದು ಮೊಟ್ಟೆ' ಎನ್ನುತ್ತಾರೆ. ಅಂಥ ನೂರು ಮೊಟ್ಟೆ ತಂದರೆ ಮನೆಯೊಳಗೆ ನಲವತ್ತು ಐವತ್ತು ಸಾವಿರ ಹುಳುಗಳ ಸಂಸಾರ. ಸುಮಾರು ಇಪ್ಪತ್ತೈದು ದಿನಗಳ ಆ ಬಾಳಿನಲ್ಲಿ ಹುಳು ನಾಲ್ಕು ಸಲ ಪೊರೆ ಕಳಚುತ್ತದೆ. ಪೊರೆ ಬಿಡುವ ಮುನ್ನ ಅದು ಮೇವು ಬಿಟ್ಟು ತಲೆಯೆತ್ತಿ ನಿಶ್ಚಲವಾಗಿ ಕೂರುವುದಕ್ಕೆ 'ಜ್ವರ' ಎಂದು ಹೆಸರು. ನಾಲ್ಕನೆಯ ಜ್ವರದಿಂದ ಎದ್ದ ಮೇಲಿನ ಏಳೆಂಟು ದಿನಗಳೇ ಸಾಕುವವರ ಪರೀಕ್ಷೆಯ ಕಾಲ. ಇಡೀ ಬಾಳಿನಲ್ಲಿ ತಿನ್ನುವ ಸೊಪ್ಪಿನ ನೂರಕ್ಕೆ ಎಂಬತ್ತು ಪಾಲನ್ನು ಹುಳು ಆ ದಿನಗಳಲ್ಲೇ ತಿನ್ನುತ್ತದೆ. ಹಗಲೆನ್ನದೆ ಇರುಳೆನ್ನದೆ ಸೊಪ್ಪು ಕೊಯ್ಯಬೇಕು, ಹಾಕಬೇಕು, ಹಿಕ್ಕೆ ತೆಗೆಯಬೇಕು. ಒಂದು ಹೊತ್ತಿನ ಮೇವು ತಪ್ಪಿದರೂ ಗೂಡು ತೆಳುವಾಗುತ್ತದೆ. ಕೈತೊಳೆಯದೆ ಅತ್ತೆ ಯಾರನ್ನೂ ಹುಳುಮನೆಯ ಹೊಸ್ತಿಲು ದಾಟಿಸುತ್ತಿರಲಿಲ್ಲ, ಊರಿನ ಗುರುಗಳನ್ನು ಕೂಡ.

ಹೀಗಾಗಿ ಅತ್ತೆಯ ಪಂಚಾಂಗವೇ ಬೇರೆ. ನೆಂಟರ ಮನೆಗೆ ಹೋಗಿಬರುವುದು, ಪಾಪನಿವೇದನೆ, ಜ್ವರ ಬಂದ ಮಗುವನ್ನು ಆಸ್ಪತ್ರೆಗೆ ಒಯ್ಯುವುದು, ಎಲ್ಲವೂ ಹುಳು ಜ್ವರಕ್ಕೆ ಕುಳಿತ ಹೊತ್ತಿನಲ್ಲಿ. 'ನಿನಗೂ ಅವಕ್ಕೂ ಒಟ್ಟಿಗೆ ಜ್ವರ ಬಂದದ್ದು ಒಳ್ಳೇದಾಯ್ತು' ಎಂದು ನನ್ನನ್ನು ಬೆನ್ನಿಗೆ ಹಾಕಿಕೊಂಡು ಬಸ್ಸಿಗೆ ನಡೆದದ್ದು ನೆನಪಿದೆ.

ಆದರೆ ಭಾನುವಾರ ಹುಳುಗಳ ಪಂಚಾಂಗಕ್ಕೆ ಕಾಯುವುದಿಲ್ಲವಲ್ಲ. ವರ್ಷಕ್ಕೆ ಐದು ಬೆಳೆ; ಪ್ರತಿ ಬೆಳೆಯಲ್ಲೂ ಒಂದಾದರೂ ಭಾನುವಾರ ಅತ್ತೆಗೆ ಪೂಜೆ ತಪ್ಪುತ್ತಿತ್ತು. ನಮ್ಮನ್ನೆಲ್ಲ ತಲೆ ಬಾಚಿ ಕಳುಹಿಸಿ ಅವರು ಒಳಗೆ ಉಳಿಯುತ್ತಿದ್ದರು. ಗಾಳಿ ಅನುಕೂಲವಾಗಿದ್ದರೆ ಗುಡಿಯ ಗಂಟೆ ನಮ್ಮ ಮನೆಗೆ ಕೇಳುತ್ತದೆ. ಪ್ರತಿಷ್ಠಾಪನೆಯ ಗಂಟೆಯಾದಾಗ ಮಂಕರಿ ಕೆಳಗಿಟ್ಟು ತಟ್ಟೆಗಳ ಸಾಲಿನ ನಡುವೆ ಮೊಣಕಾಲೂರುತ್ತಿದ್ದರೆಂದು ಅಜ್ಜಿ ಹೇಳುತ್ತಿದ್ದರು. ಊರಿನಲ್ಲಿ ಮಾತನಾಡುವವರಿಗೇನು ಕಡಿಮೆ? ದುಡ್ಡಿಗಾಗಿ ದೇವರನ್ನು ಬಿಟ್ಟವಳು ಎಂದವರುಂಟು. ಹಾಗೆಂದವರು ರಾತ್ರಿ ಎರಡು ಗಂಟೆಗೆ ಲಾಟೀನು ಹಿಡಿದು ಸೊಪ್ಪು ಹಾಕಿದವರಲ್ಲ.

ಬಾಲ್ಯದಲ್ಲಿ ಅತ್ತೆ ಕಂಡದ್ದು ಲ್ಯಾಟಿನ್ ಪೂಜೆ. ಗುರುಗಳು ಪೀಠದ ಕಡೆ ತಿರುಗಿ ಪ್ರಾರ್ಥಿಸುತ್ತಿದ್ದರೆ ಹೆಂಗಸರು ತಮ್ಮ ಪಾಡಿಗೆ ಜಪಸರ ಎಣಿಸುತ್ತಿದ್ದ ಕಾಲವದು. 1962ರಿಂದ 1965ರವರೆಗೆ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆಯ ತರುವಾಯ ಪೂಜೆ ಕನ್ನಡಕ್ಕೆ ಬಂದಾಗ ಅವರು ಜಪಸರವನ್ನು ಪೂಜೆಯಿಂದ ಹುಳುಮನೆಗೆ ವರ್ಗಾಯಿಸಿದರು. ಒಂದು ಅಟ್ಟಣೆಗೆ ಸೊಪ್ಪು ಹಾಕಿ ಮುಗಿಸುವಷ್ಟರಲ್ಲಿ ಒಂದು ರಹಸ್ಯ ಮುಗಿಯಬೇಕು. ಕೈ ಬಿಡುವಿಲ್ಲದ ಕಾರಣ ಮಣಿಗಳ ಲೆಕ್ಕವನ್ನು ತಟ್ಟೆಗಳೇ ಇಡುತ್ತಿದ್ದವು.

ಬಂಗಾಳದಲ್ಲಿದ್ದ ಊಜಿ ನೊಣ 1980ರಲ್ಲಿ ಕರ್ನಾಟಕದಲ್ಲಿ ಕಾಣಿಸಿಕೊಂಡಿತು. ಸ್ವಲ್ಪ ಕಾಲದಲ್ಲೇ ನಮ್ಮೂರಿಗೂ ಬಂತು. ಅದು ಹುಳುವಿನ ಮೈಮೇಲೆ ಮೊಟ್ಟೆಯಿಡುತ್ತದೆ. ಮರಿ ಒಳಹೊಕ್ಕ ಜಾಗದಲ್ಲಿ ಕಪ್ಪು ಮಚ್ಚೆ ಮೂಡುತ್ತದೆ. ನಾವು ಮಕ್ಕಳು ಮಚ್ಚೆಯ ಹುಳು ಆರಿಸುತ್ತ ಕೂತದ್ದೇ ಕೂತದ್ದು. ಆ ಬೆಳೆ ಅರ್ಧಕ್ಕರ್ಧ ಕೈಬಿಟ್ಟಿತು. ಅತ್ತೆ ಅಳಲಿಲ್ಲ, ಹರಕೆಯನ್ನೂ ಹೊರಲಿಲ್ಲ. ಪರದೆಯ ಬಟ್ಟೆ ತಂದು ಮೂರು ರಾತ್ರಿ ಕೂತು ಕಿಟಕಿ ಬಾಗಿಲುಗಳಿಗೆಲ್ಲ ತಾವೇ ಹೊಲಿದರು. ರಾಮನಗರದ ಗೂಡಿನ ಮಾರುಕಟ್ಟೆಗೂ ತಂದೆಯ ಜೊತೆ ತಾವೇ ಹೋಗುತ್ತಿದ್ದರು. ಗಂಡಸರೇ ತುಂಬಿದ ಆ ಹರಾಜಿನಲ್ಲಿ ತಮ್ಮ ಗೂಡು ಸುರಿದ ಜಾಲರಿಯ ಪಕ್ಕ ಕದಲದೆ ನಿಂತು, ಕೂಗು ಕಡಿಮೆಯೆನಿಸಿದರೆ ತಲೆಯಾಡಿಸಿ ಬೇಡವೆನ್ನುತ್ತಿದ್ದರಂತೆ. ನಾನು ಗುರುಮಠಕ್ಕೆ ಹೊರಟಾಗ ಕೊಂಡ ಟ್ರಂಕು, ಹೊದಿಕೆ, ಎರಡು ಪಂಚೆಗಳೆಲ್ಲ ಆ ಜಾಲರಿಯಿಂದ ಬಂದವು.

ಮಲ್ಲೇಶ್ವರದ ಸಂತ ಪೇತ್ರರ ಗುರುಮಠದಲ್ಲಿ ದೈವಶಾಸ್ತ್ರ ಓದುತ್ತಿದ್ದ ದಿನಗಳು. ಜಗದ್ಗುರು ದ್ವಿತೀಯ ಜಾನ್ ಪೌಲರು 1992ರಲ್ಲಿ ಹೊರಡಿಸಿದ ಧರ್ಮೋಪದೇಶ ಗ್ರಂಥ ಆಗ ನಮಗೆ ಹೊಸತು. ಭಾನುವಾರದ ಪೂಜೆಯ ಕರ್ತವ್ಯವನ್ನು ವಿಧಿಸುವ ಅದರ 2181ನೆಯ ಪರಿಚ್ಛೇದ, ಗಂಭೀರ ಕಾರಣಗಳಿದ್ದರೆ ವಿನಾಯಿತಿಯುಂಟೆಂದು ಹೇಳಿ ಎರಡು ಉದಾಹರಣೆ ಕೊಡುತ್ತದೆ: ರೋಗ ಮತ್ತು ಹಸುಗೂಸುಗಳ ಆರೈಕೆ. ರಜೆಯಲ್ಲಿ ಊರಿಗೆ ಹೋದಾಗ ಉತ್ಸಾಹದಿಂದ ಅತ್ತೆಗೆ ಇದನ್ನು ವಿವರಿಸಿದೆ. ಅವರು ಸೊಪ್ಪು ಹಾಕುತ್ತಲೇ ಕೇಳಿಸಿಕೊಂಡರು. 'ಅದು ಹೆತ್ತೋರಿಗೆ ಬರೆದಿರೋದು ಮಗಾ. ಹುಳ ಸಾಕೋಳಿಗೆ ಅಂತ ಯಾರು ಬರೀತಾರೆ?' ಎಂದು ನಕ್ಕರು. ಮುಂದಿನ ಜ್ವರದ ದಿನ ಎಂದಿನಂತೆ ಪಾಪನಿವೇದನೆಗೆ ಹೋಗಿಬಂದರು.

ಮಾರ್ತಾ ಮತ್ತು ಮರಿಯಳ ಶುಭಸಂದೇಶದ ಮೇಲೆ ಪ್ರಬೋಧನೆ ಮಾಡುವಾಗ ನಾವು ಗುರುಗಳು ಮಾರ್ತಳನ್ನು ಬಹು ಬೇಗ ಬದಿಗೆ ಸರಿಸುತ್ತೇವೆಂದು ನನಗನಿಸುತ್ತದೆ. ಆ ದಿನ ಬೆಥಾನಿಯ ಮನೆಯಲ್ಲಿ ಒಲೆ ಉರಿಸಿದವರು ಯಾರು? ಅತ್ತೆಯ ಮಟ್ಟಿಗೆ ಆ ಅಕ್ಕತಂಗಿಯರಿಬ್ಬರಿಗೂ ಇದ್ದುದು ಒಂದೇ ಜೋಡಿ ಕೈ.

1998ರಲ್ಲಿ ನನ್ನ ಗುರುದೀಕ್ಷೆಯಾಯಿತು. ಅತ್ತೆ ಮುಂಚಿನ ದಿನವೇ ಬಂದು, ಮರುದಿನದ ಮೊದಲ ಬಲಿಪೂಜೆಯಲ್ಲಿ ನನ್ನ ಕೈಯಿಂದ ಪರಮಪ್ರಸಾದ ಸ್ವೀಕರಿಸಿ, ಮೂರನೆಯ ದಿನ ಊರಿನ ಪಂಕ್ತಿಭೋಜನಕ್ಕೂ ನಿಂತರು. ಅಷ್ಟು ದಿನ ಅವರು ಹುಳುಮನೆ ಬಿಟ್ಟಿದ್ದುದನ್ನು ನಾನು ಕಂಡಿರಲಿಲ್ಲ. ಎಷ್ಟನೆಯ ಜ್ವರವೆಂದು ಕೇಳಿದರೆ ಮಾತು ಮರೆಸಿದರು. ತಂದೆ ಹೇಳಿದ ಮೇಲೆಯೇ ತಿಳಿದದ್ದು: ಅತ್ತೆ ಆ ಸಲ ಮೊಟ್ಟೆಯನ್ನೇ ತಂದಿರಲಿಲ್ಲ. ಸೊಪ್ಪು ಎದೆಯೆತ್ತರ ನಿಂತಿದ್ದ ತೋಟವನ್ನು ಹಾಗೆಯೇ ಬಿಟ್ಟು ಒಂದು ಬೆಳೆಯನ್ನು ಖಾಲಿ ಕಳೆದಿದ್ದರು. ಮೂವತ್ತೈದು ವರ್ಷಗಳಲ್ಲಿ ಹಾಗಾದದ್ದು ಅದೊಂದೇ ಸಲ.

ಅಂದಿನಿಂದ ನಾನು ಅವರಿಗೆ 'ಸ್ವಾಮಿ' ಆದೆ, ಬಹುವಚನಕ್ಕೂ ಏರಿದೆ. ನಾನು ಎಷ್ಟು ಬೇಡವೆಂದರೂ ಕೇಳಲಿಲ್ಲ. ಹುಳುಮನೆಯೊಳಗೆ ಹೋದರೆ ಮಾತ್ರ, ಅಭ್ಯಾಸಬಲವೋ ಏನೋ, 'ಮಗಾ, ಆ ತಟ್ಟೆ ಇಳಿಸು' ಎನ್ನುತ್ತಿದ್ದರು. ಊರಿಗೆ ಹೋದಾಗಲೆಲ್ಲ ಮೊದಲು ಕೈತೊಳೆದು ನಾನು ಅಲ್ಲಿಗೇ ಹೋಗುತ್ತಿದ್ದೆ.

2011ರ ಆಷಾಢದಲ್ಲಿ ಅತ್ತೆ ತೀರಿಕೊಂಡರು. ಕೊನೆಯ ಎರಡು ವರ್ಷ ಕೆಲಸ ಅತ್ತಿಗೆಯ ಕೈಗೆ ಬಂದಿತ್ತು. ಅತ್ತೆ ಬಾಗಿಲ ಬಳಿ ಕುರ್ಚಿಯಲ್ಲಿ ಕೂತು ಹುಳು ಮೇಯುವ ಸದ್ದಿನಿಂದಲೇ ಮೇವು ಸಾಕೋ ಸಾಲದೋ ಹೇಳುತ್ತಿದ್ದರು. ಅಂತ್ಯಕ್ರಿಯೆಯ ಬಲಿಪೂಜೆಯನ್ನು ನಾನೇ ಅರ್ಪಿಸಿದೆ. ಸಮಾಧಿಯ ಬಳಿ ಎಲ್ಲರೂ ಹಿಡಿಮಣ್ಣು ಹಾಕುತ್ತಿರುವಾಗ ಅತ್ತಿಗೆ ಹತ್ತಿರ ಬಂದು ಸಣ್ಣ ದನಿಯಲ್ಲಿ, 'ಸ್ವಾಮಿ, ನಾಲ್ಕನೇ ಜ್ವರ ಎದ್ದು ಮೂರು ದಿನ ಆಯ್ತು. ಸೊಪ್ಪಿನ ಹೊತ್ತು ಮೀರ್ತಾ ಇದೆ, ನಾನು ಹೋಗ್ಲಾ?' ಎಂದು ಕೇಳಿದರು. ಹೋಗಿ ಎಂದೆ. ಪ್ರಾರ್ಥನೆಗಳೆಲ್ಲ ಮುಗಿದು ನಾವು ಮನೆಗೆ ಮರಳುವ ವೇಳೆಗೆ ಅವರು ಮಣ್ಣಿನ ಕೈ ತೊಳೆದು ಒಳಗೆ ಹೋಗಿ ಆಗಿತ್ತು. ಹುಳುಗಳು ಮೇಯುವ ಸದ್ದು ಪಡಸಾಲೆಯವರೆಗೂ ಕೇಳುತ್ತಿತ್ತು.