ಅಪ್ಪನ ಲ್ಯಾಪ್‌ಟಾಪೂ ಅಜ್ಜಿಯ ಸೋಬಾನೆಯೂ

"ಇದನ್ನ ಆನ್ ಮಾಡಿ ಸ್ನಾನಕ್ಕೆ ಹೋಗ್ತೀನಿ, ಬರೋ ಹೊತ್ತಿಗೆ ಎದ್ದಿರತ್ತೆ" ಅಂತಿದ್ರು ಅಪ್ಪ. ತಮಾಷೆ ಅಂದುಕೊಂಡಿದ್ದೆ. ಒಂದು ಭಾನುವಾರ ಗಡಿಯಾರ ಹಿಡಿದು ಕೂತೆ. ನಾಲ್ಕು ನಿಮಿಷ ಇಪ್ಪತ್ತು ಸೆಕೆಂಡು! ಆಫೀಸಿನಲ್ಲಿ ಸರ್ವರು ಅರ್ಧ ಸೆಕೆಂಡು ತಡ ಆಯ್ತು ಅಂತ ಮೀಟಿಂಗ್ ಮಾಡೋ ನನಗೆ ನಿಜಕ್ಕೂ ನಾಚಿಕೆ ಆಯ್ತು.

ಅಪ್ಪ ಡಿಟಿಪಿ ಆಪರೇಟರ್ ಆಗಿದ್ದವರು. ಮಾರೇನಹಳ್ಳಿ, ವಿಜಯನಗರ, ಅತ್ತಿಗುಪ್ಪೆಯ ಎಷ್ಟೋ ಮದುವೆಗಳ ಲಗ್ನಪತ್ರಿಕೆ ಅವರ ಬೆರಳಿನಿಂದಲೇ ಬಂದದ್ದು. ಈ ಲ್ಯಾಪ್‌ಟಾಪ್ ತಗೊಂಡಿದ್ದು 2013ರಲ್ಲಿ. ನನ್ನ ಇಡೀ ಇಂಜಿನಿಯರಿಂಗ್ ಇದರ ಮೇಲೇ ಮುಗೀತು. ಆಮೇಲೆ ನನಗೆ ಕಂಪನಿಯವರು ಹೊಸದು ಕೊಟ್ರು, ಇದು ವಾಪಸ್ ಅಪ್ಪನ ಮೇಜಿಗೆ ಹೋಯ್ತು.

ಪಾಪ, ಅದರ ಪ್ರೊಸೆಸರ್‌ಗೆ ಏನೂ ಆಗಿರಲಿಲ್ಲ. ತೊಂದರೆ ಇದ್ದದ್ದು ಹಾರ್ಡ್ ಡಿಸ್ಕಿನದು. ನಿಮಿಷಕ್ಕೆ 5400 ಸುತ್ತು ತಿರುಗೋ ತಟ್ಟೆ ಅದು, ಅಂದರೆ ಒಂದು ಸುತ್ತಿಗೆ ಸುಮಾರು 11 ಮಿಲಿಸೆಕೆಂಡು. ಬೂಟ್ ಆಗುವಾಗ ಸಾವಿರಾರು ಸಣ್ಣ ಫೈಲುಗಳನ್ನು ಹುಡುಕಬೇಕು, ಪ್ರತಿ ಸಲವೂ ತಟ್ಟೆ ತಿರುಗಿ ಬರೋ ತನಕ ಎಲ್ಲರೂ ಕಾಯಬೇಕು. ಎಸ್‌ಎಸ್‌ಡಿಯಲ್ಲಿ ತಿರುಗೋ ವಸ್ತುವೇ ಇಲ್ಲ. ಜೊತೆಗೆ ವಿಂಡೋಸ್ 10ರ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿತ್ತು. ವಿಂಡೋಸ್ 11 ಇಷ್ಟು ಹಳೇ ಪ್ರೊಸೆಸರನ್ನ ಹತ್ತಿರ ಸೇರಿಸಲ್ಲ.

ಸರಿ, ಹಳೇ ರ್‍ಯಾಮ್ ಬಿಚ್ಚಿ ಜೇಬಿಗೆ ಹಾಕ್ಕೊಂಡು ಮೆಟ್ರೋ ಹತ್ತಿದೆ. ಮೆಜೆಸ್ಟಿಕ್ಕಲ್ಲಿ ಬದಲಾಯಿಸಿ ಚಿಕ್ಕಪೇಟೆಯಲ್ಲಿ ಇಳಿದರೆ ಎಸ್.ಪಿ. ರೋಡಿಗೆ ನಡೆದೇ ಹೋಗಬಹುದು. ಅಂಗಡಿಯವರು ರ್‍ಯಾಮನ್ನ ತಿರುಗಿಸಿ ನೋಡಿ, "ಡಿಡಿಆರ್3 ಸಾರ್, ಹಳೇದೇ ಸಿಗತ್ತೆ" ಅಂದ್ರು. 240 ಜಿಬಿ ಎಸ್‌ಎಸ್‌ಡಿ, ಇನ್ನೊಂದು 4 ಜಿಬಿ ರ್‍ಯಾಮ್, ಹಳೇ ಹಾರ್ಡ್ ಡಿಸ್ಕಿಗೊಂದು ಯುಎಸ್‌ಬಿ ಡಬ್ಬಿ ತಂದೆ. ಸಂಜೆ ಸ್ಕ್ರೂ ಬಿಚ್ಚಿ, ಹಳೇದು ತೆಗೆದು ಹೊಸದು ಕೂರಿಸಿ, ಲಿನಕ್ಸ್ ಮಿಂಟ್ ಹಾಕಿದೆ. ಆನ್ ಮಾಡಿದರೆ ಇಪ್ಪತ್ತೈದು ಸೆಕೆಂಡು!

ಲಿನಕ್ಸಲ್ಲಿ ನುಡಿ ತಂತ್ರಾಂಶ ಇಲ್ಲವಲ್ಲ ಅನ್ನೋ ಭಯ ಇತ್ತು. ಆದರೆ ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಅದರಲ್ಲೂ ಇದೆ, ಕಗಪ ಅನ್ನೋ ಹೆಸರಲ್ಲಿ. ಅಪ್ಪ ಎಫ್ ಒತ್ತಿ ಒಂದೆರಡು ಒತ್ತಕ್ಷರ ಹಾಕಿ ನೋಡಿ, "ಪರ್ವಾಗಿಲ್ಲ ಕಣೋ" ಅಂದ್ರು. ನಾನು ಬೀಗಿದೆ.

ಆಮೇಲೆ ಅವರು ಒಂದು ಫೈಲು ತೆಗೆದ್ರು. ಪರದೆ ತುಂಬಾ ಇಂಗ್ಲಿಷ್ ಅಕ್ಷರಗಳು, ಅವುಗಳ ತಲೆ ಮೇಲೆ ಟೋಪಿ, ಚುಕ್ಕೆ, ಗೀಟು. ಅಪ್ಪ ಏನೂ ಮಾತಾಡಲಿಲ್ಲ. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕ್ಕೊಂಡ್ರು ಅಷ್ಟೇ.

ಅದು ಅಜ್ಜಿಯ ಫೈಲು. ಮಾಗಡಿ ಕಡೆಯ ಹಳ್ಳಿಯವಳು ಅಜ್ಜಿ. 2014ರಲ್ಲಿ ಕಾಲು ನೋವು ಅಂತ ಮಾರೇನಹಳ್ಳಿಗೆ ಬಂದು ನಮ್ಮ ಜೊತೆಗಿದ್ದಾಗ, ಅವಳು ಹೇಳಿದ ಸೋಬಾನೆ ಪದಗಳನ್ನೆಲ್ಲ ಅಪ್ಪ ರಾತ್ರಿ ಕೂತು ಟೈಪ್ ಮಾಡಿದ್ದರು. ನನಗಾಗ ಪಿಯುಸಿ ಪರೀಕ್ಷೆ. "ಅಜ್ಜಿ, ಸ್ವಲ್ಪ ಮೆಲ್ಲಗೆ" ಅಂತ ಒಳಗಿನಿಂದ ಕೂಗಿದ್ದೂ ನೆನಪಿದೆ. 2016ರಲ್ಲಿ ಅಜ್ಜಿ ಹೋದಳು. ರೆಕಾರ್ಡಿಂಗ್ ಒಂದೂ ಇಲ್ಲ. ಇರೋದು ಈ ಫೈಲು ಮಾತ್ರ.

ವಿಷಯ ಏನು ಅಂತ ನನಗೆ ಗೊತ್ತಿತ್ತು, ಆದ್ರೂ ಎದೆ ಧಸಕ್ಕಂತು. ಯೂನಿಕೋಡಿನಲ್ಲಿ ಪ್ರತಿ ಅಕ್ಷರಕ್ಕೂ ಜಗತ್ತಿಗೆಲ್ಲ ಒಂದೇ ನಂಬರು. 'ಕ' ಅಂದ್ರೆ 3221. ವಿಂಡೋಸ್‌ಗೆ ಯೂನಿಕೋಡ್ ಕನ್ನಡ ಬಂದದ್ದು 2001ರ ಎಕ್ಸ್‌ಪಿಯಲ್ಲಿ, ತುಂಗಾ ಫಾಂಟಿನ ಜೊತೆ. ಆದರೆ ಡಿಟಿಪಿಯವರ ಪೇಜ್‌ಮೇಕರಿಗೆ ಅದು ಅರ್ಥ ಆಗ್ತಿರಲಿಲ್ಲ. ಅಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ಚೂರುಗಳನ್ನು ಚಿತ್ರದ ಹಾಗೆ ಕೂರಿಸಿದ ಫಾಂಟುಗಳು. ಫಾಂಟು ಹೋದರೆ ಕನ್ನಡವೂ ಹೋಯ್ತು. ನಾನು ಅಪ್ಪನ ಫೈಲುಗಳನ್ನೆಲ್ಲ ಜೋಪಾನವಾಗಿ ಕಾಪಿ ಮಾಡಿದ್ದೆ, ಫಾಂಟು ಮಾತ್ರ ಮರೆತಿದ್ದೆ.

ಪುಣ್ಯಕ್ಕೆ ಹಳೇ ಹಾರ್ಡ್ ಡಿಸ್ಕನ್ನ ಅಳಿಸಿರಲಿಲ್ಲ. ಡಬ್ಬಿಗೆ ಹಾಕಿ ಚುಚ್ಚಿ, ಅದರೊಳಗಿಂದ 'ನುಡಿ 01 ಇ' ಫಾಂಟನ್ನ ಎತ್ತಿಕೊಂಡೆ. ಅಕ್ಷರ ಮೂಡಿತು. ಆದರೆ 'ಸೋಬಾನೆ' ಅಂತ ಹುಡುಕಿದರೆ ಒಂದೂ ಸಿಗಲಿಲ್ಲ. ಕಣ್ಣಿಗಷ್ಟೇ ಕನ್ನಡ, ಒಳಗೆ ಇನ್ನೂ ಅದೇ ಟೋಪಿ, ಚುಕ್ಕೆ. ಅರವಿಂದ ವಿ.ಕೆ. ಅವರು ಮಾಡಿರೋ ಪರಿವರ್ತಕಕ್ಕೆ ಹಾಕಿ ಎಲ್ಲವನ್ನೂ ಯೂನಿಕೋಡ್ ಮಾಡಿದೆ. ಹಳೇ ಪದ್ಧತಿಯಲ್ಲಿ ಅರ್ಕಾವತ್ತು ವ್ಯಂಜನದ ನಂತರ ಇರತ್ತೆ, ಯೂನಿಕೋಡಿನಲ್ಲಿ ಮುಂಚೆ. ಹಾಗಾಗಿ ಯಂತ್ರ ಏನಾದರೂ ಎಡವಿದೆಯಾ ಅಂತ ಕೂತು ನೋಡಲೇಬೇಕು. ನಡುವೆ ಇದ್ದ ಇಂಗ್ಲಿಷ್ ಪದಗಳಂತೂ ಯಾವುದೋ ಮಂತ್ರದ ಹಾಗೆ ಕನ್ನಡವಾಗಿದ್ದವು!

ಒಂದು ವಾರ ರಾತ್ರಿ ಊಟ ಆದ ಮೇಲೆ ಅಪ್ಪ, ನಾನು ತಿದ್ದುತ್ತಾ ಕೂತೆವು. ಒಂದು ಕಡೆ 'ಆಲು' ಅಂತಿತ್ತು. ಪರಿವರ್ತನೆಯಲ್ಲಿ ತಪ್ಪಾಗಿದೆ ಅಂತ 'ಹಾಲು' ಮಾಡಿದೆ.

"ತಿದ್ದಬೇಡ. ನಮ್ಮವ್ವ ಹಂಗೇ ಹೇಳ್ತಿದ್ದಿದ್ದು" ಅಂದ್ರು ಅಪ್ಪ. ಆಮೇಲೆ ಆ ಸಾಲನ್ನ ಅವರೇ ಸಣ್ಣಗೆ ಹಾಡಿದ್ರು. ಅಪ್ಪ ಹಾಡಿದ್ದನ್ನ ನಾನು ಕೇಳಿದ್ದು ಅದೇ ಮೊದಲು. ಈ ಸಲ ಮೆಲ್ಲಗೆ ಅಂತ ಹೇಳಲಿಲ್ಲ. ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡೆ.

ನಿಮ್ಮ ಮನೆಯಲ್ಲೂ ಇಂಥ ಹಳೇ ಫೈಲುಗಳು ಇರಬಹುದು. ಫಾರ್ಮ್ಯಾಟ್ ಮಾಡೋ ಮುಂಚೆ ಒಂದ್ಸಲ ಎಲ್ಲವನ್ನೂ ತೆಗೆದು ನೋಡಿ, ಫಾಂಟುಗಳನ್ನ ಎತ್ತಿಟ್ಟುಕೊಳ್ಳಿ, ಆಮೇಲೆ ಯೂನಿಕೋಡಿಗೆ ತನ್ನಿ. ತಿದ್ದುವಾಗ ಟೈಪ್ ಮಾಡಿದವರನ್ನ ಪಕ್ಕದಲ್ಲೇ ಕೂರಿಸಿಕೊಳ್ಳಿ.

ಅಂದ ಹಾಗೆ, ಅಪ್ಪನದು ಈಗ ಹೊಸ ದೂರು. "ಇಷ್ಟು ಬೇಗ ಎದ್ದುಬಿಟ್ರೆ ನಾನು ಸ್ನಾನಕ್ಕೆ ಯಾವಾಗ ಹೋಗ್ಲೋ?"